ಯಾವುದಕ್ಕೂ ಇರಲಿ ಎಂದ ಮಾತು

ಕಾಣಿಯೂರಿನ ದನದ ಡಾಕ್ಟ್ರು ಭವಿತಾ ಫೋನಿನಲ್ಲಿ ಮದ್ದು ಹೇಳುವುದಿಲ್ಲ. ಕರುವಿಗೆ ಭೇದಿ ಎನ್ನಿ, ಹಸು ಹುಲ್ಲು ಮುಟ್ಟುವುದಿಲ್ಲ ಎನ್ನಿ, ನಾಯಿ ಕುಂಟುತ್ತಿದೆ ಎನ್ನಿ, ಆ ಕಡೆಯಿಂದ ಬರುವುದು ಒಂದೇ ಉತ್ತರ: "ನಾನು ಬರ್ತೇನೆ. ಅಲ್ಲಿವರೆಗೆ ಅದರ ಬಾಯಿ ಹತ್ರ ಯಾರೂ ಕೈ ತರ್ಬೇಡಿ." ಬಂದೇ ಬರುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಹಾಲಿನ ಸೊಸೈಟಿಯ ಕಟ್ಟೆಯಲ್ಲಿ ಕೂತು ಊರಿನ ಉಸಾಬರಿಯೆಲ್ಲ ನೋಡಿಕೊಳ್ಳುವವರಿಗೆ ಇದೊಂದು ತಮಾಷೆ. "ಫೋನಲ್ಲಿ ಮದ್ದು ಹೇಳದ ಡಾಕ್ಟ್ರಿಗೆ ಫೋನು ಯಾಕೆ ಮಾರಾಯ್ರೆ, ಒಂದು ಪೀಪಿ ಕೊಟ್ರೆ ಸಾಕು" ಎಂದು ಒಬ್ಬರು. "ಹಟ್ಟಿಗೆ ಬಂದ್ರೆ ಮೊದಲು ನೋಡುದು ದನವನ್ನಲ್ಲ, ನಮ್ಮ ಕೈಯನ್ನು. ಜ್ಯೋತಿಷ್ಯವೂ ಬರ್ತದೋ ಎಂತದೋ" ಎಂದು ಇನ್ನೊಬ್ಬರು.

ನಗಲಿ. ಆ ಹೆಂಗಸು ಕೈಗಳಲ್ಲಿ ಏನನ್ನು ಹುಡುಕುತ್ತಾಳೆ ಎಂದು ತಿಳಿದಿದ್ದರೆ ಅವರು ಈ ವಿಷಯವನ್ನು ತಮಾಷೆಗೆ ಎತ್ತಿಕೊಳ್ಳುತ್ತಿರಲಿಲ್ಲ.

ಭವಿತಾ ಅಜ್ಜಾವರದವಳು. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು. ಮಗಳು ಡಾಕ್ಟರಾಗುತ್ತಾಳೆಂದು ಅಪ್ಪ ನೆಂಟರಿಷ್ಟರಿಗೆಲ್ಲ ಸಾರಿದ್ದರು. ದನದ ಡಾಕ್ಟರೆಂದು ಗೊತ್ತಾದ ಮೇಲೆ ಸ್ವಲ್ಪ ದಿನ ಪೇಟೆಗೇ ಹೋಗಲಿಲ್ಲ. ಮದುವೆಯಾಗಿ ಬಂದದ್ದು ಕಾಣಿಯೂರಿಗೆ. ಗಂಡ ಹರಿಪ್ರಸಾದನದ್ದು ಪಂಪುಸೆಟ್ ರಿಪೇರಿಯ ಅಂಗಡಿ, ಅದರ ಪಕ್ಕದ ಕೋಣೆಯೇ ಅವಳ ಕ್ಲಿನಿಕ್ಕು. ಗೋಡೆಯ ಮೇಲೆ ಪಶುವೈದ್ಯೆಯೆಂದು ನೋಂದಾಯಿಸಿಕೊಂಡ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಳು. ಮೊದಮೊದಲು ಜನ ಅದನ್ನು ಓದಿ, ಅವಳ ತೋಳು ನೋಡಿ, "ಈ ಮಗು ಎಂತ ಕರು ಎಳೀತದೆ" ಎಂದು ವಾಪಸು ಹೋಗುತ್ತಿದ್ದರು. ಅಡ್ಡ ಬಿದ್ದ ಕರುಗಳನ್ನು ಒಂದೊಂದಾಗಿ ಎಳೆದು ಹಾಕಿದ ಮೇಲೆಯೇ ಅವಳು "ಡಾಕ್ಟ್ರಕ್ಕ" ಆದದ್ದು. ಕಷ್ಟಪಟ್ಟು ಸಂಪಾದಿಸಿದ ಹೆಸರು. ಗಂಡಸು ಡಾಕ್ಟರನ ಕೈಯಲ್ಲಿ ದನ ಸತ್ತರೆ ಅದರ ಆಯುಷ್ಯ ಮುಗಿದಿತ್ತು ಎನ್ನುತ್ತಾರೆ, ಹೆಂಗಸಿನ ಕೈಯಲ್ಲಿ ಸತ್ತರೆ ಆಗಲೇ ಹೇಳಿದ್ದೆ ಎನ್ನುತ್ತಾರೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಆ ಹೆಸರಿನ ಮೇಲೆ ಅವಳಿಗೆ ಜೀವ.

ಆ ವರ್ಷ ಹಲಸು ಬಿದ್ದು ಬಿದ್ದು ಕೊಳೆಯುವಷ್ಟು ಆಗಿತ್ತು. ಒಂದು ಬೆಳಗ್ಗೆ ಭವಿತಾ ಯಾರದೋ ಹಟ್ಟಿಯಲ್ಲಿ ಹಸುವಿನ ಹೊಟ್ಟೆಯೊಳಗೆ ಹೆಗಲಿನವರೆಗೆ ಕೈ ಹಾಕಿ ಕರುವಿನ ಮಡಚಿದ ಕಾಲು ಹುಡುಕುತ್ತಿದ್ದಾಗ ಫೋನು ಬಂತು. ಆ ಮನೆಯಾಕೆ ಫೋನನ್ನು ಅವಳ ಕಿವಿಯ ಹತ್ತಿರ ಹಿಡಿದಳು. ಆ ಕಡೆ ತ್ಯಾಂಪಣ್ಣ. ಹಾಲಿನ ಸೊಸೈಟಿಯ ಅಧ್ಯಕ್ಷ, ಊರಿಗೆ ಬೇಕಾದ ಮನುಷ್ಯ.

"ಡಾಕ್ಟ್ರೇ, ನಮ್ಮ ಕೆಂಪಿ ಜೊಲ್ಲು ಸುರಿಸ್ತಾ ಉಂಟು. ನೀರು ನುಂಗ್ಲಿಕ್ಕೆ ಆಗುದಿಲ್ಲ ಅದಕ್ಕೆ. ನಿನ್ನೆಯಿಂದ ಕೂಗಿ ಕೂಗಿ ಸ್ವರವೇ ಒಡೆದು ಹೋಗಿದೆ."

"ಹಲಸು ಹಾಕಿದ್ರಾ?"

"ಹಾಕದೆ? ಮರದಡಿಯೇ ಕಟ್ಟಿದ್ದಲ್ವಾ."

"ಹಾಗಾದ್ರೆ ಗೂಂಜು ಸಿಕ್ಕಿರ್ತದೆ. ಒಬ್ಬರು ನಾಲಿಗೆ ಬದಿಗೆ ಎಳೆದು ಹಿಡೀಲಿ, ಇನ್ನೊಬ್ಬರು ಕೈ ಹಾಕಿ ತೆಗೀರಿ. ಹೆದರ್ಬೇಡಿ, ನನಗೆ ಈಗ ಬರ್ಲಿಕ್ಕೆ ಸಾಧ್ಯ ಇಲ್ಲ."

ಹಲಸಿನ ಹಣ್ಣಿನ ನಡುವಿನ ಆ ಗಟ್ಟಿ ಗೂಂಜು ಗಂಟಲಿಗೆ ಸಿಕ್ಕಿ ಒದ್ದಾಡುವ ದನಗಳು ನಮ್ಮ ಕಡೆ ಪ್ರತಿ ವರ್ಷ ಇದ್ದದ್ದೇ. ಕಾಲೇಜು ಮೆಟ್ಟಿಲು ಹತ್ತದವರೂ ಅದನ್ನೇ ಹೇಳುತ್ತಿದ್ದರು. ಅವಳು ಮಾತ್ರ ಹೇಳಬಾರದಿತ್ತು. ದನ ಜೊಲ್ಲು ಸುರಿಸಿ, ನುಂಗಲಾರದೆ, ಒಡಕು ಸ್ವರದಲ್ಲಿ ಕೂಗಿದರೆ ಮೊದಲು ಅನುಮಾನಿಸಬೇಕಾದ್ದು ಹುಚ್ಚುನಾಯಿಯ ಕಡಿತವನ್ನು, ಅದಲ್ಲವೆಂದು ಖಾತ್ರಿಯಾಗದೆ ಬಾಯಿಗೆ ಬೆರಳೂ ಹಾಕಕೂಡದು ಎಂಬುದು ಅವಳ ವಿದ್ಯೆಯ ಮೊದಲ ಪಾಠಗಳಲ್ಲಿ ಒಂದು. ಫೋನಿನ ಹಿಂದೆ ಕೆಂಪಿಯ ಕೂಗು ಅವಳಿಗೆ ಕೇಳಿಸಿತ್ತು ಕೂಡ. ಅಷ್ಟರಲ್ಲಿ ಕರುವಿನ ಕಾಲು ಕೈಗೆ ಸಿಕ್ಕಿತು, ಕರು ಜೀವಂತ ಹೊರಗೆ ಬಂತು, ಮನೆಯವರು ಕಾಫಿ ಕೊಟ್ಟರು. ಸಂತೋಷದಲ್ಲಿ ಅವಳು ಆ ಕೂಗನ್ನು ಮರೆತಳು.

ಎರಡು ದಿನ ಬಿಟ್ಟು ತ್ಯಾಂಪಣ್ಣನದ್ದೇ ಫೋನು. ದೂರುವ ದನಿಯಲ್ಲ, ಸುದ್ದಿ ಮುಟ್ಟಿಸುವ ದನಿ.

"ಕೆಂಪಿ ಹೋಯ್ತು ಡಾಕ್ಟ್ರೇ. ತೋಟದಲ್ಲೇ ಹೂತೆವು. ಗಂಟಲಲ್ಲಿ ಎಂತದೂ ಇರ್ಲಿಲ್ಲ, ಮೊಣಕೈವರೆಗೆ ಹಾಕಿ ನೋಡಿದೆ."

ಎಂತದೂ ಇರಲಿಲ್ಲ ಎಂದದ್ದೇ ತಡ, ಮರೆತ ಕೂಗು ಅವಳ ತಲೆಯೊಳಗೆ ಎದ್ದು ನಿಂತಿತು. ನಾಯಿ ಏನಾದರೂ ಹಟ್ಟಿಗೆ ಬಂದಿತ್ತೇ ಎಂದು ಕೇಳಿದಳು. ಬೇಸಗೆಯ ಸುರುವಿಗೆ ಯಾವುದೋ ಬೀದಿನಾಯಿ ನುಗ್ಗಿತ್ತು, ಹೊಡೆದು ಓಡಿಸಿದೆವು ಎಂದರು ತ್ಯಾಂಪಣ್ಣ. ಭವಿತಾ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಳು. ಗಂಡ ಅಂಗಡಿಯಿಂದ ಬಂದು "ಎಂತಾತ್?" ಎಂದು ಕೇಳಿದರೆ ಅವಳು ಎದ್ದು ಸ್ಕೂಟರಿನ ಕೀಲಿ ಹುಡುಕತೊಡಗಿದಳು. ಆ ರೋಗ ಮೈಗೆ ಹತ್ತಿ ಲಕ್ಷಣ ತೋರಿದ ಮೇಲೆ ಮನುಷ್ಯನಿಗೆ ಮದ್ದಿಲ್ಲ. ಅದಕ್ಕೆ ಮೊದಲು ಇಂಜೆಕ್ಷನ್ ಬಿದ್ದರೆ ಉಳಿಯುತ್ತಾನೆ. ಅವಳ ಮಾತು ಕೇಳಿ ಆ ಬಾಯಿಗೆ ಕೈ ಹಾಕಿದವರು ಈಗ ಎಲ್ಲೋ ಊಟ ಮಾಡಿಕೊಂಡು, ಅಡಿಕೆ ಸುಲಿದುಕೊಂಡು ಆರಾಮವಾಗಿ ಇದ್ದರು. ಅವರಿಗೆ ಹೇಳಬೇಕು. ಹೇಳಿದರೆ ತನ್ನ ಕತೆ ಮುಗಿಯಿತು.

ನೇರವಾಗಿ ತ್ಯಾಂಪಣ್ಣನ ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವಳು ಸ್ಕೂಟರನ್ನು ಪುತ್ತೂರಿಗೆ ತಿರುಗಿಸಿದಳು, ಕೃಷ್ಣಮೋಹನರ ಮನೆಗೆ.

ನಿವೃತ್ತ ಪಶುವೈದ್ಯ ಡಾಕ್ಟರ್ ಕೃಷ್ಣಮೋಹನ ಅವಳಿಗೆ ಗುರುಸಮಾನರು. ಪಶುವೈದ್ಯರ ಸಂಘದಲ್ಲಿ ಯಾರ ಮೇಲೆ ದೂರು ಬಂದರೂ ವಿಚಾರಣೆಗೆ ಕೂರುತ್ತಿದ್ದದ್ದು ಅವರೇ. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ತಾವು ಸೇರಿದ ವೃತ್ತಿಯನ್ನು ಮನೆಯ ಮಗಳಂತೆ ನೋಡುತ್ತಿದ್ದವರು, ಅದರ ಮೇಲೆ ಒಂದು ಮಾತು ಬರಬಾರದು ಎನ್ನುವವರು. ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿದರು.

"ಅವರಿಗೆ ಇಂಜೆಕ್ಷನ್ ಆಗ್ಬೇಕು. ನಾಳೆಯೇ ಆಗ್ಬೇಕು. ಅದರಲ್ಲಿ ರಾಜಿ ಇಲ್ಲ" ಎಂದರು. "ಆದ್ರೆ ನಾನು ತಪ್ಪಿದೆ ಅಂತ ಡಂಗುರ ಹೊಡೆಯುದು ಯಾಕೆ ಮಾರಾಯ್ತಿ? ಹೋಗುದು ನಿನ್ನ ಹೆಸರು ಮಾತ್ರ ಅಲ್ಲ. ದನದ ಡಾಕ್ಟ್ರು ಫೋನಲ್ಲಿ ಹೇಳಿ ಮನುಷ್ಯರನ್ನು ಕೊಲ್ಲಿಸ್ಲಿಕ್ಕೆ ಹೊರಟಿದ್ರು ಅಂತ ಪೇಪರಲ್ಲಿ ಬಂದ್ರೆ ನಾಳೆಯಿಂದ ಯಾರು ನಮ್ಮನ್ನು ಹಟ್ಟಿಗೆ ಕರೀತಾರೆ? ಮತ್ತೆ ಮಂತ್ರ, ಹಸುರು ಮದ್ದು, ಅಡ್ಡಕಸುಬಿನವರು. ನಾವು ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ್ದಲ್ವಾ ಈ ಮರ್ಯಾದೆ?"

"ಹೂತ ದನದ ತಲೆ ಅಗೆದು ತೆಗ್ದು ಪರೀಕ್ಷೆಗೆ ಲ್ಯಾಬಿಗೆ ಕಳಿಸುದಾ ಸರ್?"

"ಕಳಿಸಿದ್ರೆ ವರದಿ ಬರ್ತದೆ. ವರದಿ ಬಂದ್ರೆ ಮುಚ್ಚಿಡ್ಲಿಕ್ಕೆ ಆಗುದಿಲ್ಲ. ಇಂಜೆಕ್ಷನಿಗೆ ವರದಿ ಬೇಡ. ಊರಲ್ಲಿ ಹುಚ್ಚುನಾಯಿ ಉಂಟು, ಯಾವುದಕ್ಕೂ ಇರಲಿ ಅಂತ ಹೇಳು. ಅವರು ಹೇಗೂ ತೆಗೊಳ್ತಾರೆ. ಜೀವವೂ ಉಳೀತದೆ, ಹೆಸರೂ ಉಳೀತದೆ."

ಭವಿತಾಳಿಗೆ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಆ ಸಮಾಧಾನವನ್ನು ಅವಳು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಮರುದಿನ ಬೆಳಗ್ಗೆ ತ್ಯಾಂಪಣ್ಣನ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದಳು. ತ್ಯಾಂಪಣ್ಣ ಕುರ್ಚಿ ಎಳೆದು ಕೊಟ್ಟರು, ಅವರ ಹೆಂಡತಿ ಶಂಕರಿ ಬೆಲ್ಲ ನೀರು ತಂದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ ಮಾತನ್ನು ಭವಿತಾ ನಗುನಗುತ್ತಲೇ ಹೇಳಿದಳು.

"ಈ ಕಡೆ ಹುಚ್ಚುನಾಯಿ ಸುದ್ದಿ ಉಂಟಲ್ಲ ತ್ಯಾಂಪಣ್ಣ. ಕೆಂಪಿಯ ಬಾಯಿ ಮುಟ್ಟಿದವರೆಲ್ಲ ಒಮ್ಮೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೊಳ್ಳಿ. ಎಲ್ಲ ಡೋಸೂ ಮುಗಿಸ್ಬೇಕು. ಯಾವುದಕ್ಕೂ ಇರಲಿ."

"ಹೌದಾ? ಕೆಂಪಿಗೆ ಅದೇ ಬಂದದ್ದು ಅಂತ ಉಂಟಾ?"

"ಛೆ, ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಜಾಗ್ರತೆಗೆ ಅಷ್ಟೆ. ಯಾರೆಲ್ಲ ಮುಟ್ಟಿದ್ದು?"

"ಕೈ ಹಾಕಿದ್ದು ನಾನು. ಜೊಲ್ಲು ಒರೆಸಿದ್ದು ಇವಳು."

"ನಾಲಿಗೆ ಹಿಡಿದವರು?"

ತ್ಯಾಂಪಣ್ಣ ಹೆಂಡತಿಯ ಮುಖ ನೋಡಿದರು. ಶಂಕರಿ ಲೋಟ ಎತ್ತಿಕೊಂಡು ನಿಂತೇ ಇದ್ದರು.

"ಎಲ್ಲ ನಾವೇ" ಎಂದರು ತ್ಯಾಂಪಣ್ಣ. "ಬೇರೆ ಯಾರೂ ಇಲ್ಲ."

ಆ ನೋಟ ಭವಿತಾಳ ಕಣ್ಣಿಗೆ ಬಿದ್ದಿತ್ತು. ಕೆದಕಲಿಲ್ಲ. ಕೆದಕಿದರೆ ಯಾಕೆ ಇಷ್ಟು ವಿಚಾರಣೆ ಎಂದು ಅವರು ಕೇಳಿಯಾರು, ಆಗ ಈ ನಗು ಎಲ್ಲಿ ಉಳಿದೀತು? ಸರಿ ಎಂದು ಎದ್ದು ಬಂದಳು. ಗಂಡ ಹೆಂಡತಿ ಇಬ್ಬರೂ ಇಂಜೆಕ್ಷನ್ ಮುಗಿಸುವವರೆಗೆ ಬೆನ್ನು ಬಿಡಲಿಲ್ಲ.

ಆದರೆ ಕೆಂಪಿಯ ಕೂಗು ಅವಳ ಬೆನ್ನು ಬಿಡಲಿಲ್ಲ. ಮಿಕ್ಸಿ ತಿರುಗಿಸಿದರೆ ಅದರೊಳಗೆ ಕೇಳುತ್ತಿತ್ತು, ಸುಬ್ರಹ್ಮಣ್ಯದ ಕಡೆ ಹೋಗುವ ಬಸ್ಸು ತಿರುವಿನಲ್ಲಿ ಹಾರ್ನ್ ಹೊಡೆದರೆ ಅದರೊಳಗೆ ಕೇಳುತ್ತಿತ್ತು. ಎಲ್ಲ ಮುಗಿಯಿತಲ್ಲ ಎಂದು ತನಗೆ ತಾನೇ ಹೇಳಿಕೊಂಡರೂ ಮುಗಿದ ಹಾಗೆ ಅನಿಸುತ್ತಿರಲಿಲ್ಲ. ಆ ಅಂಗಳದಲ್ಲಿ ತ್ಯಾಂಪಣ್ಣ ಹೆಂಡತಿಯನ್ನು ನೋಡಿದ ನೋಟ ಅನ್ನ ಕಲಸುವಾಗ ನೆನಪಾಗುತ್ತಿತ್ತು.

ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ದೇರಣ್ಣ ತೀರಿಕೊಂಡರು. ದೇರಣ್ಣ ಎಂದರೆ ತ್ಯಾಂಪಣ್ಣನ ಒಡಹುಟ್ಟಿದ ತಮ್ಮ, ಬೇಲಿಯ ಆಚೆ ಮನೆ. ತೋಡಿನ ನೀರಿನ ಸರದಿಯ ಜಗಳದಲ್ಲಿ ಮಾತು ಬಿಟ್ಟವರು. ನಮ್ಮಲ್ಲಿ ಮಾತು ಬಿಡುವುದೆಂದರೆ ಬರೀ ಮಾತಾಡದೆ ಇರುವುದಲ್ಲ, ಆ ಹೆಸರನ್ನೇ ನಾಲಿಗೆಯಿಂದ ಇಳಿಸಿಬಿಡುವುದು. ತ್ಯಾಂಪಣ್ಣನ ಮನೆಯಲ್ಲಿ ತಮ್ಮನ ಸುದ್ದಿ ಬಂದರೆ "ಆಚೆಯವರು" ಎನ್ನಬೇಕು, ಅದೂ ತೀರಾ ಬೇಕಾದರೆ ಮಾತ್ರ. ಬೇಲಿ ದಾಟುವ ತಡಮೆಗೆ ಮುಳ್ಳು ಹೊಡೆದು ವರ್ಷಗಳೇ ಆಗಿದ್ದವು. ಮಂಗಳೂರಿನ ಆಸ್ಪತ್ರೆಯಲ್ಲಿ ಮೆದುಳು ಜ್ವರ ಎಂದರಂತೆ ಎಂದು ಜನ ಮಾತಾಡಿಕೊಂಡರು.

ಕ್ರಿಯೆಗಳೆಲ್ಲ ಕಳೆದ ಮೇಲೆ ಭವಿತಾ ಮಾತಾಡಿಸಿ ಬರಲು ಹೋದಳು. ದೇರಣ್ಣನ ಹಟ್ಟಿಗೂ ಅವಳೇ ಡಾಕ್ಟ್ರು. ಮುಳ್ಳು ತೆಗೆದ ತಡಮೆಯಲ್ಲಿ ದಾರಿ ಆಗಲೇ ಸವೆದಿತ್ತು. ಸಾವು ಎರಡು ಮನೆಗಳನ್ನು ಒಂದು ಮಾಡಿತ್ತು. ದೇರಣ್ಣನ ಹೆಂಡತಿ ತಿಮ್ಮಕ್ಕ ಜಗಲಿಯಲ್ಲಿ ಕೂತು, ಕೇಳುವ ಮೊದಲೇ ಹೇಳತೊಡಗಿದರು.

"ಮೊದಲು ಬಲಗೈ ಜುಂ ಅಂತಿತ್ತು ಇವರಿಗೆ. ನರ ಹಿಡಿದದ್ದು ಅಂತ ಎಣ್ಣೆ ತಿಕ್ಕಿದೆ. ಮತ್ತೆ ಕಾಲು ಬಿತ್ತು. ಮತ್ತೆ ನೀರು ಇಳೀಲಿಲ್ಲ ಡಾಕ್ಟ್ರೇ, ಬಾಯಿಂದ ಜೊಲ್ಲು ಸುರಿದದ್ದೇ ಸುರಿದದ್ದು. ಈ ಸೆರಗಿನಲ್ಲೇ ಒರೆಸಿದೆ."

ಭವಿತಾಳ ಕಣ್ಣು ಆ ಸೆರಗಿನ ಮೇಲೆ ನಿಂತಿತು.

"ಒಂದು ಸಮಾಧಾನ ಉಂಟು ನನಗೆ" ಎಂದರು ತಿಮ್ಮಕ್ಕ. "ಹೋಗುವ ಮೊದಲು ಅಣ್ಣ ತಮ್ಮ ಒಂದಾದ್ರು. ಹಲಸಿನ ಸಮಯದಲ್ಲಿ ಭಾವನ ದನ ಬಿದ್ದಿತ್ತಲ್ಲ, ಆಗ ಭಾವ ಬೇಲಿ ಹತ್ರ ಬಂದು ದೇರಣ್ಣಾ ಅಂತ ಕರೆದ್ರಂತೆ. ಇವರು ಮುಳ್ಳು ಹಾರಿ ಓಡಿದ್ರು. ನಾಲಿಗೆ ಹಿಡಿದದ್ದು ಇವರೇ. ಬಂದು ನನ್ನ ಹತ್ರ ಎಷ್ಟು ಸಲ ಹೇಳಿದ್ರು ಗೊತ್ತುಂಟಾ, ಅಣ್ಣ ಹೆಸರು ಹಿಡಿದು ಕರೆದ ಅಂತ. ಮರುದಿನದಿಂದ ಪುನಃ ಭಾವ ಮುಖ ತಿರುಗಿಸಿದ್ರು, ಶಂಕರಿ ಅಕ್ಕನಿಗೆ ಹೆದರಿ. ಆದ್ರೂ ಇವರಿಗೆ ಅಷ್ಟೇ ಸಾಕಾಗಿತ್ತು."

ಹುಲ್ಲು ಕೊಯ್ದು ಗೀರು ಬಿದ್ದ ಬಲಗೈಯಲ್ಲಿ ಒಬ್ಬ ಮನುಷ್ಯ ಹುಚ್ಚು ಹಿಡಿದ ದನದ ನಾಲಿಗೆ ಎಳೆದು ಹಿಡಿದಿದ್ದಾನೆ. ಹಿಡಿಯಲು ಹೇಳಿದವಳು ತಾನು. ಕೆಂಪಿಗೆ ಹುಚ್ಚು ಹತ್ತಿತ್ತು, ಮುಟ್ಟಿದವರು ಸಾಯುತ್ತಾರೆ ಎಂದು ಆ ದಿನ ಅಂಗಳದಲ್ಲಿ ಬಿಚ್ಚಿ ಹೇಳಿದ್ದರೆ ತ್ಯಾಂಪಣ್ಣ ಹೆಂಡತಿಯ ಮುಖ ನೋಡುತ್ತ ನಿಲ್ಲುತ್ತಿದ್ದರೇ? ಬೇಲಿ ಹಾರಿ ಹೋಗಿ ತಮ್ಮನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆಯುತ್ತಿದ್ದರು. ಜಾಗ್ರತೆಗೆ ಅಷ್ಟೆ ಎಂದರೆ ಮುರಿಯುವಂಥ ಮೌನವಾಗಿರಲಿಲ್ಲ ಅದು.

ಓಡಿಹೋಗಬೇಕು ಎನಿಸಿತು. ಆದರೆ ಎದುರು ಕೂತ ಹೆಂಗಸು ಆ ಜೊಲ್ಲನ್ನು ಸೆರಗಿನಲ್ಲಿ ಒರೆಸಿದ್ದಳು. ಅವಳಿಗೂ ಇಂಜೆಕ್ಷನ್ ಬೀಳಬೇಕು. ಈ ಸಲ ಭವಿತಾ ನಗಲಿಲ್ಲ. ಫೋನಿನಲ್ಲಿ ಹೇಳಿದ್ದು, ಕೂಗು ಕೇಳಿಯೂ ಗಮನಿಸದೆ ಹೋದದ್ದು, ಪುತ್ತೂರಿಗೆ ಹೋದದ್ದು, ಸುಳ್ಳಾಡಿದ್ದು, ತ್ಯಾಂಪಣ್ಣ ಕೊಟ್ಟ ಉತ್ತರ, ಎಲ್ಲವನ್ನೂ ಹೇಳಿದಳು. ತನ್ನ ಮೇಲೆ ತಾನೇ ದೂರು ಬರೆದು ಕೊಡುತ್ತೇನೆ, ಕೆಲಸ ನಿಲ್ಲಿಸುತ್ತೇನೆ, ಈಗಲೇ ತ್ಯಾಂಪಣ್ಣನಿಗೂ ಹೇಳುತ್ತೇನೆ ಎಂದಳು.

ತಿಮ್ಮಕ್ಕ ಎದ್ದು ಒಳಗೆ ಹೋದರು. ಪಾತ್ರೆ ನೆಲಕ್ಕೆ ಬಿದ್ದ ಸದ್ದಾಯಿತು. ಬಿದ್ದದ್ದೋ ಎಸೆದದ್ದೋ ತಿಳಿಯಲಿಲ್ಲ. ಹೊರಗೆ ಬಂದಾಗ ಕಣ್ಣು ಕೆಂಡವಾಗಿತ್ತು.

"ನಿಮ್ಮ ಮುಖ ನೋಡ್ಲಿಕ್ಕೆ ನನಗೆ ಮನಸ್ಸಿಲ್ಲ" ಎಂದರು. "ಆದ್ರೆ ಒಂದು ಮಾತು ಕೇಳಿ. ಭಾವನಿಗೆ ಇದು ಗೊತ್ತಾಗ್ಬಾರ್ದು."

"ತಿಮ್ಮಕ್ಕ..."

"ಗೊತ್ತಾಗ್ಬಾರ್ದು. ಕರೆದದ್ದು ಅವರೇ, ಬೇರೆ ಯಾರೂ ಇಲ್ಲ ಅಂದದ್ದೂ ಅವರೇ. ಗೊತ್ತಾದ್ರೆ ಅವರು ಉಳಿಯುದಿಲ್ಲ ಡಾಕ್ಟ್ರೇ, ಯಾವುದಾದ್ರೂ ಮರಕ್ಕೆ ಹಗ್ಗ ಕಟ್ತಾರೆ. ನನಗೂ ಮಗಳಿಗೂ ಈಗ ದಿಕ್ಕು ಅಂತ ಇರುದು ಅವರೊಬ್ಬರೇ. ಇವರ ಮೇಲಿನ ಪ್ರೀತಿಯನ್ನೆಲ್ಲ ಈಗ ನಮ್ಮ ಮೇಲೆ ಸುರೀತಿದ್ದಾರೆ. ನೀವು ದೂರು ಬರೆದ್ರೆ ಊರಿಗೆ ಗೊತ್ತಾಗ್ತದೆ, ಊರಿಗೆ ಗೊತ್ತಾದ್ರೆ ಅವರಿಗೆ ಗೊತ್ತಾಗ್ತದೆ. ಇಂಜೆಕ್ಷನಿಗೆ ನಾನು ಬರ್ತೇನೆ, ಮಗಳನ್ನೂ ಕರ್ಕೊಂಡು ಬರ್ತೇನೆ. ಬೆಕ್ಕು ಪರಚಿತು ಅಂತ ಭಾವನಿಗೆ ಹೇಳ್ತೇನೆ."

ಮತ್ತೆ, ಬಾಗಿಲು ಹಿಡಿದು, ಸಣ್ಣ ಸ್ವರದಲ್ಲಿ ಹೇಳಿದರು.

"ನಿಮಗೆ ನಿಮ್ಮ ಹೆಸರು ಬೇಕಿತ್ತಲ್ವಾ? ಇಟ್ಕೊಳ್ಳಿ."

ಭವಿತಾ ಇಟ್ಟುಕೊಂಡಳು. ಕೆಲಸ ಬಿಡುತ್ತೇನೆಂದು ಹೊರಟರೆ ತ್ಯಾಂಪಣ್ಣನೇ ಬಂದು, ಎಂತ ಕಷ್ಟ ಡಾಕ್ಟ್ರೇ, ನಾವು ಇಲ್ವಾ ಎಂದು ಕೇಳುತ್ತಿದ್ದರು. ಬಿಡಲೂ ಆಗಲಿಲ್ಲ. ಹಾಗಾಗಿ ನಾಯಿಗಳ ಹಿಂದೆ ಬಿದ್ದಳು. ಕಾಣಿಯೂರಿನಿಂದ ಕಡಬದವರೆಗೆ ಅವಳು ಹಿಡಿದು ಲಸಿಕೆ ಹಾಕದ ಬೀದಿನಾಯಿ ಉಳಿಯಲಿಲ್ಲ. ಶಾಲೆ ಶಾಲೆಗೆ ಹೋಗಿ ಮಕ್ಕಳಿಗೆ ಹೇಳಿದಳು, ಕಚ್ಚಿಸಿಕೊಂಡವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಒಯ್ದಳು. ಓಡಾಡುತ್ತಿದ್ದಷ್ಟು ಹೊತ್ತು ಕೂಗು ಸುಮ್ಮನಿರುತ್ತಿತ್ತು, ಸ್ಕೂಟರ್ ನಿಲ್ಲಿಸಿದ ಕೂಡಲೇ ಶುರು. ಈಗ ಅದು ದನದ ಕೂಗೋ ಮನುಷ್ಯನದ್ದೋ ಅವಳಿಗೆ ಬೇರ್ಪಡಿಸಲು ಆಗುತ್ತಿರಲಿಲ್ಲ. ಊರು ಮಾತ್ರ ಬೇರೆಯೇ ಕಂಡಿತು. ಇಂಥ ಡಾಕ್ಟ್ರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದಿತು. ಅವಳು ಹೆಚ್ಚು ದುಡಿದಷ್ಟೂ ಹೆಸರು ಹೆಚ್ಚಾಯಿತು.

ಮರುವರ್ಷ ರೇಬೀಸ್ ದಿನಕ್ಕೆ ಸಂಘದವರು ಸೊಸೈಟಿಯ ಸಭಾಂಗಣದಲ್ಲಿ ಅವಳಿಗೆ ಸನ್ಮಾನ ಇಟ್ಟರು. ಬೇಡ ಎಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೃಷ್ಣಮೋಹನರು ಮೈಕಿನ ಮುಂದೆ ನಿಂತು, ನಮ್ಮ ವೃತ್ತಿಯ ಮರ್ಯಾದೆಯನ್ನು ಈ ಸೀಮೆಯಲ್ಲಿ ಇಷ್ಟು ಎತ್ತರಕ್ಕೆ ಒಯ್ದವರು ಇನ್ನೊಬ್ಬರಿಲ್ಲ ಎಂದರು. ದೇರಣ್ಣ ಹೇಗೆ ಸತ್ತರೆಂದು ಅವರಿಗೆ ಗೊತ್ತಿಲ್ಲ. ಭವಿತಾ ಅವರಿಗೂ ಹೇಳಿರಲಿಲ್ಲ, ಯಾರಿಗೂ ಹೇಳುವ ಹಾಗಿರಲಿಲ್ಲ. ತಿಮ್ಮಕ್ಕ ಮಗಳ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಭಾವ ಕರೆದ ಮೇಲೆ ಬಾರದಿರಲು ಆಗುತ್ತದೆಯೇ?

ಶಾಲು ಹೊದಿಸಲು ಅಧ್ಯಕ್ಷರ ಸ್ಥಾನದಿಂದ ತ್ಯಾಂಪಣ್ಣ ಎದ್ದು ಬಂದರು. ಭಾಷಣ ಅಭ್ಯಾಸವಿಲ್ಲದ ಮನುಷ್ಯ. ಮೈಕನ್ನು ಎರಡೂ ಕೈಯಲ್ಲಿ ಹಿಡಿದರು.

"ನಮ್ಮ ದನ ಸತ್ತಾಗ ಮನೆವರೆಗೆ ಬಂದು ವಿಚಾರಿಸಿದವರು ಇವರು. ಯಾರೆಲ್ಲ ಮುಟ್ಟಿದ್ದು ಅಂತ ಕೇಳಿ ಆಸ್ಪತ್ರೆಗೆ ಕಳಿಸಿದವರು" ಎಂದರು. ಮುಂದಿನ ಸಾಲಿನ ತಿಮ್ಮಕ್ಕನ ಕಡೆ ತಿರುಗಿದರು. "ಇವತ್ತು ನನ್ನ ತಮ್ಮ ದೇರಣ್ಣ ಇರ್ಬೇಕಿತ್ತು. ದೇರಣ್ಣನಿಗೆ ದನ ಅಂದ್ರೆ ಪ್ರಾಣ. ಇದ್ದಿದ್ರೆ ಈ ಶಾಲು ದೇರಣ್ಣನೇ ಹೊದಿಸ್ತಿದ್ದ."

ಅಂಗಳದಲ್ಲಿ ಒಮ್ಮೆ ಬಾಯಿಗೆ ಬಂದಿದ್ದರೆ ಒಂದು ಜೀವ ಉಳಿಯುತ್ತಿದ್ದ ಹೆಸರು, ಈಗ ಮೈಕಿನಲ್ಲಿ ಮೂರು ಸಲ ಬಂತು. ಭವಿತಾ ಮುಂದಿನ ಸಾಲು ನೋಡಿದಳು. ತಿಮ್ಮಕ್ಕ ಅವಳನ್ನೇ ದಿಟ್ಟಿಸುತ್ತಿದ್ದರು. ಬೇಡ ಎಂದು ತಲೆ ಸ್ವಲ್ಪವೇ ಆಡಿಸಿದರು.

ಭವಿತಾಳಿಗೆ ತಡೆಯಲಾಗಲಿಲ್ಲ. ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತ್ಯಾಂಪಣ್ಣ ಶಾಲು ಸರಿಮಾಡುತ್ತ ಅವಳ ಕಿವಿಯ ಹತ್ತಿರ ಬಗ್ಗಿದರು.

"ಅಳ್ಬೇಡಿ ಡಾಕ್ಟ್ರೇ" ಎಂದರು. "ಫೋಟೋ ತೆಗೀತಿದ್ದಾರೆ."